ಬಯಲಾಟಕ್ಕೆ ಯಾವ ಆಂಪ್ಲಿಫೈಯರ್? ಭಾರದ್ದು, ಹಗುರದ್ದು ಎರಡನ್ನೂ ಕಟ್ಟಿ ನೋಡಿದ ಮೇಲೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಬಯಲಾಟಕ್ಕೆ, ಅಂದರೆ ಗದ್ದೆಯಲ್ಲಿ ಆಗುವ ಯಕ್ಷಗಾನಕ್ಕೆ, ಮೈಕ್ ಸೆಟ್ ಇಟ್ಟವರು ಈಗ ಕೇಳುವುದು ಒಂದೇ. ಹಳೇ ಟ್ರಾನ್ಸ್‌ಫಾರ್ಮರ್ ಆಂಪ್ಲಿಫೈಯರ್ ಕೊಟ್ಟು ಹೊಸ ಕ್ಲಾಸ್ ಡಿ ತೆಗೆದುಕೊಳ್ಳಬಹುದಾ ಅಂತ. ನನ್ನ ಹತ್ತಿರ ಎರಡೂ ಇವೆ. ಒಂದು ಕ್ಲಾಸ್ ಎಬಿ, ಹಳೇ ತರದ್ದು, ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್, ಒಬ್ಬನೇ ಎತ್ತಿದರೆ ಸೊಂಟ ಹೋಗುತ್ತದೆ. ಇನ್ನೊಂದು ಕ್ಲಾಸ್ ಡಿ, ಟ್ರಾನ್ಸಿಸ್ಟರನ್ನು ಪಟಪಟ ಆನ್-ಆಫ್ ಮಾಡಿ ಕೆಲಸ ಮಾಡುವಂಥದ್ದು, ಎಸ್‌ಎಂಪಿಎಸ್ ಸಪ್ಲೈ (ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಸ್ವಿಚಿಂಗ್ ಸಪ್ಲೈ), ಒಂದೇ ಕೈಯಲ್ಲಿ ಹಿಡಿದುಕೊಂಡು ಹೋಗಬಹುದು. ಎರಡರ ಮೇಲೂ ಬರೆದಿರುವ ವಾಟ್ಸ್ ಹೆಚ್ಚುಕಡಿಮೆ ಒಂದೇ. ಆದರೆ ಕೆಲಸ ಒಂದೇ ಅಲ್ಲ.

ಮೊದಲು ಕರೆಂಟಿನ ವಿಷಯ. ಆಟ ಆಗುವ ಗದ್ದೆ ಸಾಮಾನ್ಯವಾಗಿ ಲೈನಿನ ತುದಿಯಲ್ಲಿ ಇರುತ್ತದೆ. ಸಂಜೆ ಲೈಟು ಎಲ್ಲ ಹಾಕಿದ ಮೇಲೆ 230 ಇರಬೇಕಾದ ವೋಲ್ಟೇಜ್ 190ಕ್ಕೆ ಇಳಿಯುವುದು ಹೊಸತಲ್ಲ. ಆಗ ಭಾರದ್ದು ಸೋಲುತ್ತದೆ. ಅದರ ಒಳಗಿನ ಡಿಸಿ ವೋಲ್ಟೇಜ್ ಲೈನಿನ ಜೊತೆಗೇ ಇಳಿಯುತ್ತದೆ, ಪವರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಹೋಗುವುದರಿಂದ 190ರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾಯ. ಚೆಂಡೆ ಜೋರಾದ ಕೂಡಲೇ ಮಿತಿ ಮೀರಿತು ಎಂದು ತೋರಿಸುವ ಕ್ಲಿಪ್ ಲೈಟು ಹತ್ತುತ್ತದೆ, ಸ್ವರ ಒಡೆಯುತ್ತದೆ. ಹಗುರದ್ದರ ಸಪ್ಲೈ ಒಳಗಿನ ವೋಲ್ಟೇಜನ್ನು ತಾನೇ ಸರಿ ಹಿಡಿದುಕೊಳ್ಳುತ್ತದೆ, ಅದೂ ಪಿಎಫ್‌ಸಿ (ಲೈನ್ ಇಳಿದರೂ ಒಳಗಿನ ವೋಲ್ಟೇಜನ್ನು ಏರಿಸಿ ಹಿಡಿಯುವ ಸರ್ಕ್ಯೂಟ್) ಇರುವ ಮಾಡೆಲ್ ಆದರೆ. ಇಲ್ಲದ ಅಗ್ಗದ್ದೂ ಸಿಗುತ್ತದೆ, ನೋಡಿ ತೆಗೆದುಕೊಳ್ಳಿ.

ವೋಲ್ಟೇಜ್ ಜಾಸ್ತಿ ಆದರೆ ಮಾತ್ರ ಎರಡಕ್ಕೂ ಉಳಿಗಾಲವಿಲ್ಲ. ತ್ರೀ ಫೇಸ್ ಜನರೇಟರ್‌ನಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿಗೆ 400ರ ಹತ್ತಿರ ಬರಬಹುದು. ಅದಕ್ಕೇ ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿಯುತ್ತೇನೆ. ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ಒಂದೆರಡು ವೋಲ್ಟ್. ಇಷ್ಟು ಸರಿ ಇಲ್ಲದಿದ್ದರೆ ಭಾಗವತರು ಬಂದು ಕೂತಿದ್ದರೂ ಆನ್ ಮಾಡಬಾರದು.

ಆನ್ ಮಾಡುವಾಗ ಭಾರದ್ದರ ಇನ್ನೊಂದು ಗುಣ ಗೊತ್ತಾಗುತ್ತದೆ. ಟ್ರಾನ್ಸ್‌ಫಾರ್ಮರ್ ಮೊದಲ ಕ್ಷಣಕ್ಕೆ ತುಂಬಾ ಕರೆಂಟು ಎಳೆಯುತ್ತದೆ. ಸಭಾಭವನಗಳಲ್ಲಿ ಬಿ ಕರ್ವ್ ಎಂಸಿಬಿ (ಕರೆಂಟು ಜಾಸ್ತಿ ಆದರೆ ತಾನೇ ಬೀಳುವ ಸ್ವಿಚ್) ಇದ್ದರೆ ಟಪ್ ಎಂದು ಬೀಳುತ್ತದೆ. ಸಿ ಕರ್ವ್ ಆದರೆ ತಡೆದುಕೊಳ್ಳುತ್ತದೆ, ಅದು ರೇಟಿಂಗಿನ 5ರಿಂದ 10 ಪಟ್ಟಿಗೆ ಬೀಳುವುದು, ಬಿ ಕರ್ವ್ 3ರಿಂದ 5 ಪಟ್ಟಿಗೇ ಬೀಳುತ್ತದೆ. ಎರಡು ಭಾರದ್ದು ಇದ್ದರೆ ಒಟ್ಟಿಗೆ ಆನ್ ಮಾಡಬೇಡಿ, ನಡುವೆ ಸ್ವಲ್ಪ ಬಿಡಿ. ಹಗುರದ್ದರಲ್ಲಿ ಈ ತಾಪತ್ರಯ ಕಡಿಮೆ. ಯಾವುದೇ ಆಗಲಿ ಮೊದಲು ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್. ಆಫ್ ಮಾಡುವಾಗ ಉಲ್ಟಾ.

ಅರ್ಥಿಂಗ್ ಬಗ್ಗೆ ಸ್ವಲ್ಪ ಕೋಪದಿಂದಲೇ ಬರೆಯಬೇಕು. ಗುಂಯ್ ಅನ್ನುವ ಹಮ್ ಬಂತು ಅಂದ ಕೂಡಲೇ ಪ್ಲಗ್ಗಿನ ಅರ್ಥಿನ ದಪ್ಪ ಪಿನ್ ತೆಗೆಯುವವರು ನಮ್ಮಲ್ಲಿ ಈಗಲೂ ಇದ್ದಾರೆ. ಮಾಡಬೇಡಿ ಮಾರಾಯರೇ. ಹಗುರದ್ದರ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಹೊರಗಿನ ಲೋಹದ ಮೈಗೆ (ಬಾಡಿ) ಸೇರಿರುತ್ತವೆ, ಅರ್ಥ್ ಇಲ್ಲದಿದ್ದರೆ ಬಾಡಿ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ. ಇದು ಬರೀ ಜುಮ್ಮೆನ್ನುವ ವಿಷಯವಲ್ಲ. ಒಳಗೆ ಏನಾದರೂ ಶಾರ್ಟ್ ಆದರೆ ಅದೇ ಕರೆಂಟು ಕೇಬಲ್ಲಿನ ಶೀಲ್ಡ್ ಹಿಡಿದು ಮಿಕ್ಸರಿಗೆ, ಅಲ್ಲಿಂದ ಭಾಗವತರ ಮೈಕಿಗೆ ಹೋಗುತ್ತದೆ. ಭಾರದ್ದಕ್ಕೂ ಇದೇ ಅಪಾಯ. ಹಮ್ ಬಂದರೆ ಮಿಕ್ಸರ್ ಮತ್ತು ಆಂಪ್ಲಿಫೈಯರಿಗೆ ಒಂದೇ ಬೋರ್ಡಿನಿಂದ ಕರೆಂಟು ಕೊಡಿ, ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನದ್ದು) ಹಾಕಿ, ಆಗಲೂ ಹೋಗದಿದ್ದರೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಬೋರ್ಡಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಅರ್ಥಿಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಹಗುರದ್ದನ್ನು ಸಾಲಾಗಿ ಒಂದೇ ಆರ್‌ಸಿಸಿಬಿಗೆ ಕೊಟ್ಟರೆ ಎಲ್ಲದರ ಸಣ್ಣ ಸಣ್ಣ ಲೀಕೇಜ್ ಕೂಡಿ ಸುಮ್ನೆ ಬೀಳುವುದುಂಟು, ಅವನ್ನು ಬೇರೆ ಬೇರೆ ಆರ್‌ಸಿಸಿಬಿಗೆ ಹಂಚಿ. ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಬೇಡಿ.

ಬ್ರಿಡ್ಜ್ ಮಾಡುವ, ಅಂದರೆ ಎರಡು ಚಾನೆಲ್ ಸೇರಿಸಿ ಒಂದೇ ಲೋಡಿಗೆ ಕೊಡುವ, ಆಸೆ ಎಲ್ಲರಿಗೂ ಇದೆ. ಬ್ರಿಡ್ಜ್‌ನಲ್ಲಿ 4 ಓಮ್ ಕೊಟ್ಟರೆ ಒಂದೊಂದು ಚಾನೆಲಿಗೆ 2 ಓಮ್ ಕೊಟ್ಟ ಹಾಗೆ. 8 ಓಮಿನ ಎರಡು ಬಾಕ್ಸ್ ಪ್ಯಾರಲಲ್ ಆದರೇ 4 ಓಮ್ ಆಯಿತಲ್ವಾ, ಅಲ್ಲಿಗೇ ಮಿತಿ ಮುಗಿದಿರಬಹುದು. ಹಿಂದಿನ ಪ್ಲೇಟಿನಲ್ಲಿ ಬ್ರಿಡ್ಜಿಗೆ ಕನಿಷ್ಠ ಎಷ್ಟು ಓಮ್ ಅಂತ ಬರೆದಿರುತ್ತದೆ, ಓದಿ. ಮತ್ತೆ, ಬ್ರಿಡ್ಜ್‌ನಲ್ಲಿ ಎರಡು ವಯರೂ ಲೈವ್, ಮೈನಸ್ ಅಂತ ಬಾಡಿಗೆ ತಾಗಿಸುವ ಹಾಗಿಲ್ಲ. 8 ಓಮಿಗೆ 1000 ವಾಟ್ಸ್ ಅಂದರೆ 89 ವೋಲ್ಟ್, ಬರಿಗೈಗೆ ಒಳ್ಳೇ ಏಟು. ಆದ್ದರಿಂದ ತೆರೆದ ಟರ್ಮಿನಲ್ ಬಿಟ್ಟು ಸ್ಪೀಕಾನ್, ಅಂದರೆ ಮುಚ್ಚಿದ ಸ್ಪೀಕರ್ ಕನೆಕ್ಟರ್, ಬಳಸಿ. ಭಾರದ್ದು ಲೋಡ್ ಜಾಸ್ತಿ ಆದರೆ ಬಿಸಿ ಆಗಿ ಫ್ಯಾನ್ ಕೂಗಿ ಎಚ್ಚರಿಸುತ್ತದೆ, ನನ್ನ ಹಗುರದ್ದು ಏನೂ ಹೇಳದೆ ಪ್ರೊಟೆಕ್ಷನ್‌ಗೆ ಹೋಗಿ ಸದ್ದು ನಿಲ್ಲಿಸುತ್ತದೆ. ಪ್ರಸಂಗದ ನಡುವೆ ಯಾವುದು ವಾಸಿ ಅಂತ ನೀವೇ ಹೇಳಿ.

ಗಾನಮೇಳದ ಬಾಸ್‌ಗೆ ನಾನು ಈಗಲೂ ಭಾರದ್ದನ್ನೇ ಹಾಕುವುದು. ಹಗುರದ್ದರ ಮೇಲೆ ಬರೆದ ವಾಟ್ಸ್ ಹೆಚ್ಚಾಗಿ ಸ್ವಲ್ಪ ಹೊತ್ತಿನದ್ದು, ಉದ್ದ ಬಾಸ್ ಎಳೆದರೆ ದಣಿಯುತ್ತದೆ. ಯಕ್ಷಗಾನದಲ್ಲಿ ಹಾಗಿಲ್ಲ. ಚೆಂಡೆ ಪೆಟ್ಟು ಚಿಕ್ಕದು, ಚೂಪು, ಹಗುರದ್ದಕ್ಕೆ ಹೇಳಿ ಮಾಡಿಸಿದ್ದು. ಟಾಪ್ ಬಾಕ್ಸ್‌ಗಳಿಗೆ, ಅಂದರೆ ಬಾಸ್ ಬಿಟ್ಟು ಮೇಲಿನ ಸ್ವರದ ಬಾಕ್ಸ್‌ಗಳಿಗೆ, ಅದೇ ಹಾಕಿ.

ರ್‍ಯಾಕಿನಲ್ಲಿ ಭಾರದ್ದು ಅಡಿಯಲ್ಲಿರಲಿ, ಹಿಂದಿನಿಂದಲೂ ಆಧಾರ ಕೊಡಿ, ಮುಂದಿನ ಕಿವಿಯ ಸ್ಕ್ರೂ ಮಾತ್ರ ಸಾಲದು. ಫ್ಯಾನ್ ಗಾಳಿ ಎತ್ತ ಹೋಗುತ್ತದೆ ಅಂತ ಎರಡರಲ್ಲೂ ನೋಡಿ. ಒಂದು ಹಿಂದೆ ಬಿಟ್ಟ ಬಿಸಿಗಾಳಿಯನ್ನು ಇನ್ನೊಂದು ಎಳೆದುಕೊಂಡರೆ ಎರಡೂ ಬೇಯುತ್ತವೆ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಆಟದ ತಿರುಗಾಟ ಮುಗಿಯುವ ದಿನ) ಮುಗಿದ ಮೇಲೆ ಮಳೆಗಾಲ ಪೂರ್ತಿ ಮೂಲೆಯಲ್ಲಿ ಇಟ್ಟರೆ ಹಲ್ಲಿ, ಇರುವೆ ಒಳಗೆ ಹೋಗುತ್ತವೆ, ಹಗುರದ್ದರ ಸಣ್ಣ ಬೋರ್ಡಿಗೆ ಅದು ಹೆಚ್ಚು ಅಪಾಯ. ಹಾಳಾದರೆ ಭಾರದ್ದನ್ನು ಟ್ರಾನ್ಸಿಸ್ಟರ್ ಬದಲಾಯಿಸಿ ಊರಿನಲ್ಲೇ ಸರಿಮಾಡುವವರು ಸಿಗುತ್ತಾರೆ, ಹಗುರದ್ದಕ್ಕೆ ಹೆಚ್ಚಾಗಿ ಬೋರ್ಡೇ ಬದಲಾಗಬೇಕು.

ಇನ್ನು ದೇವಸ್ಥಾನದ ಜಾತ್ರೆಗೆ ದಾರಿಯುದ್ದಕ್ಕೂ ಹಾರ್ನ್ ಕಟ್ಟುವುದಾದರೆ ಇವೆರಡೂ ಬೇಡ. 100 ವೋಲ್ಟ್ ಲೈನಿನ ಹಳೇ ಮಿಕ್ಸರ್ ಆಂಪ್ಲಿಫೈಯರೇ ಸರಿ, ವೋಲ್ಟೇಜ್ ಜಾಸ್ತಿ, ಕರೆಂಟು ಕಡಿಮೆ ಇರುವುದರಿಂದ ಉದ್ದ ವಯರಿನಲ್ಲಿ ಪವರ್ ಕಡಿಮೆ ಹಾಳಾಗುತ್ತದೆ. ಆ 100 ವೋಲ್ಟ್ ಟರ್ಮಿನಲ್‌ಗೆ ಮಾತ್ರ 8 ಓಮ್ ಬಾಕ್ಸ್ ನೇರ ಸಿಕ್ಕಿಸಬೇಡಿ.