ಕಥೆ ಹೊಗಳಿ ಬಂದ ಒಂದು ಕಾಮೆಂಟು ನಂಬಿ ನಾನು ಕಳೆದುಕೊಂಡದ್ದು

ಮೊನ್ನೆ ರಾತ್ರಿ ಗೆಳತಿಯೊಬ್ಬಳು ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಅವಳ ಫ್ಯಾನ್ ಫಿಕ್ಷನ್ ಕಥೆಗೆ, ಅಂದರೆ ಇಷ್ಟದ ಪುಸ್ತಕವೋ ಸರಣಿಯೋ ಅದರ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವಂಥ ಕಥೆಗೆ, ಬಂದ ಕಾಮೆಂಟು. "ನೋಡೇ, ಯಾರೋ ನನ್ನ ಕಥೆಗೆ ಚಿತ್ರ ಬರೀತೀನಿ ಅಂತಿದ್ದಾರೆ!" ಅಂತ ಕೆಳಗೆ ಬರೆದಿದ್ದಳು. ಓದಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಅದೇ ಸಾಲುಗಳು, ಹೆಚ್ಚುಕಮ್ಮಿ ಅದೇ ಕ್ರಮದಲ್ಲಿ, ಹೋದ ವರ್ಷ ನನಗೂ ಬಂದಿದ್ದವು. ತಕ್ಷಣ ಫೋನ್ ಮಾಡಿ ಅವಳನ್ನು ತಡೆದೆ. ಆದರೆ ಎಷ್ಟು ಜನರಿಗೆ ಅಂತ ಫೋನ್ ಮಾಡಲಿ? ಅದಕ್ಕೇ ಬರೆಯುತ್ತಿದ್ದೇನೆ. ಫ್ಯಾನ್ ಫಿಕ್ಷನ್ ಬರೆಯುವವರು, ಅದರಲ್ಲೂ ಹೊಸದಾಗಿ ಬರೆಯುತ್ತಿರುವವರು, ದಯವಿಟ್ಟು ಪೂರ್ತಿ ಓದಿ.

ಒಂದು ದೊಡ್ಡ ಫ್ಯಾಂಟಸಿ ಸರಣಿಯಲ್ಲಿ ಎರಡೇ ಎರಡು ದೃಶ್ಯದಲ್ಲಿ ಬಂದು ಹೋಗುವ ಒಬ್ಬ ಕೋಟೆ ಕಾವಲುಗಾರನಿದ್ದಾನೆ. ಸರಣಿಯಲ್ಲಿ ಅವನಿಗೆ ಹೆಸರೂ ಇಲ್ಲ. ಅವನ ಎಡಗೈಯಲ್ಲಿ ಎರಡು ಬೆರಳಿಲ್ಲ ಅನ್ನುವುದು ಮಾತ್ರ ಒಂದು ಕ್ಷಣ ಕಾಣುತ್ತದೆ, ಅಷ್ಟೇ. ಆ ಬೆರಳುಗಳು ಎಲ್ಲಿ ಹೋದವು ಅಂತ ಯೋಚಿಸುತ್ತಾ ಹೋದಾಗ ನನ್ನ ಕಥೆ ಹುಟ್ಟಿತು. ಎರಡು ವರ್ಷ ಬರೆದೆ. 26 ಅಧ್ಯಾಯ ಆಯಿತು. ಓದುಗರು ಜಾಸ್ತಿ ಇರಲಿಲ್ಲ. ನಾಯಕ ನಾಯಕಿಯ ಪ್ರೇಮದ ಬಗ್ಗೆ ಬರೆದರೆ ನೂರಾರು ಜನ ಬರುತ್ತಾರೆ, ಹೆಸರಿಲ್ಲದ ಕಾವಲುಗಾರನನ್ನು ಯಾರು ಹುಡುಕಿಕೊಂಡು ಬರುತ್ತಾರೆ? ಒಂದು ಅಧ್ಯಾಯಕ್ಕೆ ಮೂರೋ ನಾಲ್ಕೋ ಕಾಮೆಂಟು. ಆ ಮೂರು ನಾಲ್ಕನ್ನು ನಾನು ಎಷ್ಟು ಸಲ ಓದುತ್ತಿದ್ದೆ ಅಂತ ಬರೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

26ನೇ ಅಧ್ಯಾಯ ಹಾಕಿ ನಾಲ್ಕು ನಿಮಿಷ ಆಗಿತ್ತು. ಕಾಮೆಂಟು ಬಂತು. "ನಿಮ್ಮ ಕಥೆ ಓದಿ ಮೂಕಳಾದೆ. ಪ್ರತಿ ದೃಶ್ಯ ಕಣ್ಣಿಗೆ ಕಟ್ಟುವ ಹಾಗಿದೆ. ಪಾತ್ರಗಳ ಭಾವನೆಗಳು ಮನಸ್ಸಿಗೆ ನಾಟುತ್ತವೆ. ನನಗೆ ಇದನ್ನು ಕಾಮಿಕ್ ಆಗಿ ನೋಡುವ ಆಸೆ. ನಿಮ್ಮ ಜೊತೆ ಮಾತಾಡಬಹುದಾ? ಡಿಸ್ಕಾರ್ಡ್ ಇದೆಯಾ?"

ಈಗ ಮತ್ತೊಮ್ಮೆ ಓದಿ ನೋಡಿ. ಅದರಲ್ಲಿ ಕಾವಲುಗಾರ ಇಲ್ಲ, ಕೋಟೆ ಇಲ್ಲ, ಬೆರಳಿಲ್ಲ. ಜಗತ್ತಿನ ಯಾವ ಕಥೆಯ ಕೆಳಗೆ ಹಾಕಿದರೂ ಹೊಂದುತ್ತದೆ. ಆ ಅಧ್ಯಾಯ ಆರು ಸಾವಿರ ಪದದ್ದು. ಎಷ್ಟೇ ಬೇಗ ಓದಿದರೂ ಇಪ್ಪತ್ತು ನಿಮಿಷವಾದರೂ ಬೇಕು. ನಾಲ್ಕು ನಿಮಿಷಕ್ಕೆ ಮೂಕಳಾಗಲು ಸಾಧ್ಯವೇ ಇಲ್ಲ. ಇದೆಲ್ಲ ನನಗೆ ಆಮೇಲೆ ಹೊಳೆಯಿತು. ಆ ಹೊತ್ತಿನಲ್ಲಿ ಹೊಳೆದದ್ದು ಒಂದೇ: ಯಾರೋ ನನ್ನ ಕಾವಲುಗಾರನ ಚಿತ್ರ ಬರೆಯುತ್ತಾರಂತೆ.

ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನಲ್ಲಿ ನಾಲ್ಕು ದಿನ ಸುಮ್ನೆ ಹರಟೆ. ನೀವು ಹೇಗೆ ಬರೆಯಲು ಶುರು ಮಾಡಿದಿರಿ, ನಿಮಗೆ ಯಾವ ಪಾತ್ರ ಇಷ್ಟ, ಹೀಗೆ. ನನ್ನ ಕಥೆಯ ಬಗ್ಗೆ ಮಾತಾಡಿದ್ದೆಲ್ಲ ನಾನೇ. ಅತ್ತಲಿಂದ "ಅದ್ಭುತ", "ಆ ದೃಶ್ಯ ಬರೆಯಲೇಬೇಕು" ಅನ್ನುವಂಥ ಉತ್ತರ. ಐದನೇ ದಿನ ಮಾತು ಬದಲಾಯಿತು. ತಾನು ಇದರಿಂದಲೇ ಹೊಟ್ಟೆ ಹೊರೆಯುವವಳು, ಕಾಮಿಕ್ ಕಮಿಷನ್‌ಗೆ (ಹಣ ಪಡೆದು ಚಿತ್ರ ಬರೆದುಕೊಡುವುದಕ್ಕೆ) ಪುಟಕ್ಕೆ ಇಷ್ಟು, ನಿಮಗಾಗಿ ಕಡಿಮೆ ಮಾಡುತ್ತೇನೆ, ಅರ್ಧ ಅಡ್ವಾನ್ಸ್ ಕೊಟ್ಟರೆ ಇವತ್ತೇ ಕೂರುತ್ತೇನೆ ಅಂತ. ಹಿಂದೆ ಬರೆದದ್ದು ಅಂತ ಹತ್ತು ಹನ್ನೆರಡು ಚಿತ್ರ ಕಳಿಸಿದಳು. ಚೆನ್ನಾಗಿದ್ದವು. ಒಂದೊಂದೂ ಒಂದೊಂದು ಶೈಲಿಯಲ್ಲಿದ್ದವು. ಅದೂ ನನ್ನ ಕಣ್ಣಿಗೆ ಬೀಳಲಿಲ್ಲ. ನಾನು 'ಅವಳು' ಅನ್ನುತ್ತಿದ್ದೇನೆ. ಅದು ಒಬ್ಬಳೋ, ಒಬ್ಬನೋ, ಹತ್ತು ಜನರ ಗುಂಪೋ, ಯಾರಿಗೆ ಗೊತ್ತು.

ಹಣ ಕಳಿಸುವಾಗ ಒಂದು ಮಾತು ಹೇಳಿದಳು: "ಸ್ನೇಹಿತರಿಗೆ ಕಳಿಸುವ ಆಯ್ಕೆ ಒತ್ತಿ, ಇಲ್ಲದಿದ್ದರೆ ನನಗೆ ಶುಲ್ಕ ಕಡಿತವಾಗುತ್ತದೆ." ಪಾಪ, ಕಲಾವಿದೆಗೆ ಯಾಕೆ ನಷ್ಟ ಅಂತ ಹಾಗೇ ಮಾಡಿದೆ. ಇದನ್ನು ಚೆನ್ನಾಗಿ ನೆನಪಿಡಿ. ಪೇಪಾಲ್‌ನಂಥ ಕಡೆ ಕೆಲಸಕ್ಕೆ, ವಸ್ತುವಿಗೆ ಅಂತ ಕಳಿಸುವ ಹಣ ಬೇರೆ, ಸ್ನೇಹಿತರಿಗೆ ಮನೆಯವರಿಗೆ ಅಂತ ಕಳಿಸುವ ಹಣ ಬೇರೆ. ಮೊದಲನೆಯದಕ್ಕೆ ಖರೀದಿದಾರರ ರಕ್ಷಣೆ ಇದೆ, ಕೆಲಸ ಬಾರದಿದ್ದರೆ ದೂರು ಕೊಡಬಹುದು. ಎರಡನೆಯದಕ್ಕೆ ಆ ರಕ್ಷಣೆ ಇಲ್ಲ. ಅದು ನೀವು ಪ್ರೀತಿಯಿಂದ ಕೊಟ್ಟ ಉಡುಗೊರೆ ಅಂತ ಲೆಕ್ಕ. ಮುಂದೆ ನಾನು ದೂರು ಕೊಟ್ಟಾಗ ಸಿಕ್ಕಿದ ಉತ್ತರವೂ ಅದೇ.

ಮರುದಿನವೇ ಚಿತ್ರ ಬಂತು. ಕೋಟೆ ಬಾಗಿಲು, ಸಂಜೆಯ ಬೆಳಕು, ಗಾಳಿಗೆ ಹಾರುವ ಮೇಲಂಗಿ, ಕೈಯಲ್ಲಿ ಈಟಿ. ಈಟಿ ಹಿಡಿದಿದ್ದು ಎಡಗೈಯಲ್ಲಿ. ಆ ಕೈಯಲ್ಲಿ ಐದೂ ಬೆರಳುಗಳಿದ್ದವು.

ನಾನು ಅದನ್ನೇ ನೋಡುತ್ತಾ ಕೂತೆ. ಇಡೀ ಕಥೆ ಇರುವುದೇ ಆ ಎರಡು ಬೆರಳಿನ ಮೇಲೆ. ಕಥೆಯ ಹೆಸರಿನಲ್ಲೇ ಅದಿದೆ. ಹೇಳಿದೆ. "ಅಯ್ಯೋ ಸಾರಿ, ಸರಿ ಮಾಡ್ತೀನಿ, ತಿದ್ದುಪಡಿಗೆ ಬೇರೆ ಚಾರ್ಜ್ ಆಗುತ್ತೆ" ಅಂದಳು. ಕೊಟ್ಟೆ. ಬೆರಳಿದ್ದ ಜಾಗ ಮಸುಕು ಮಾಡಿದ ಚಿತ್ರ ಬಂತು. ಎರಡನೇ ಪುಟಕ್ಕೆ ಅಡ್ವಾನ್ಸ್ ಕೇಳಿದಳು. ಅದನ್ನೂ ಕೊಟ್ಟೆ. ಒಟ್ಟಿನಲ್ಲಿ ಮೂರು ಸಲ. ಕೈಬಿಟ್ಟ ಹಣ ಸಣ್ಣದೇನಲ್ಲ, ಆದರೆ ಈ ಬರಹ ಹಣದ ಬಗ್ಗೆ ಅಲ್ಲ, ಮುಂದೆ ಓದಿ.

ಆ ಚಿತ್ರವನ್ನು ಕಥೆಯ ಮೊದಲ ಪುಟದಲ್ಲಿ ಹಾಕಿದೆ. ಮೂರನೇ ದಿನ ಒಬ್ಬ ಕಲಾವಿದೆ ನನಗೆ ಸಂದೇಶ ಕಳಿಸಿದರು. ಬೇರೆಯದೇ ಫ್ಯಾಂಡಮ್‌ಗೆ, ಅಂದರೆ ಬೇರೊಂದು ಕೃತಿಯ ಅಭಿಮಾನಿ ಬಳಗಕ್ಕೆ, ತಾವು ಬರೆದಿದ್ದ ಚಿತ್ರವನ್ನು ಜೊತೆಗಿಟ್ಟಿದ್ದರು. ಅದೇ ಬಾಗಿಲು, ಅದೇ ಬೆಳಕು, ಅದೇ ಮೇಲಂಗಿ. ಎಡ ಬಲ ತಿರುಗಿಸಿ, ಮುಖದ ಜಾಗಕ್ಕೆ ಎಐನಿಂದ ಮಾಡಿದ ಮುಖ ಅಂಟಿಸಲಾಗಿತ್ತು. ಮೂಲ ಚಿತ್ರದಲ್ಲಿ ಈಟಿ ಬಲಗೈಯಲ್ಲಿತ್ತು. ಅವರು ಒಂದೂ ಗಡಸು ಮಾತಾಡಲಿಲ್ಲ. "ಇದು ನನ್ನದು, ದಯವಿಟ್ಟು ತೆಗೆಯಿರಿ" ಅಂದರು, ಅಷ್ಟೇ. ತೆಗೆದೆ, ಕ್ಷಮೆ ಕೇಳಿದೆ. ಅವರ ಬಗ್ಗೆ ನನಗೆ ಗೌರವ ಇದೆ.

ಉಳಿದವರು ಹಾಗಿರಲಿಲ್ಲ. ಅಷ್ಟರಲ್ಲಿ ಯಾರೋ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಹಂಚಿಯಾಗಿತ್ತು. ಕಳ್ಳಿ ಅಂದರು. ಚಿತ್ರ ಎಐನದು ಅಂದಮೇಲೆ ಕಥೆಯೂ ಎಐನದೇ ಇರಬೇಕು ಅಂದರು. ಎರಡು ವರ್ಷ ರಾತ್ರಿ ಕೂತು ಬರೆದದ್ದನ್ನು ಹಾಗೆ ಅಂದಾಗ ಹೊಟ್ಟೆಯಲ್ಲಿ ಆದ ಸಂಕಟ ಹೇಳಲಾರೆ. ಅವರ ಸಿಟ್ಟಿಗೆ ಕಾರಣ ಇತ್ತು, ಅದನ್ನೂ ಹೇಳಬೇಕು. 2025ರಲ್ಲಿ ಆರ್ಕೈವ್ ಆಫ್ ಅವರ್ ಓನ್ ಅನ್ನುವ ಫ್ಯಾನ್ ಫಿಕ್ಷನ್ ತಾಣದಿಂದ ಸುಮಾರು 1 ಕೋಟಿ 26 ಲಕ್ಷ ಕೃತಿಗಳನ್ನು ಯಾರನ್ನೂ ಕೇಳದೆ ಬಾಚಿ, ಎಐ ತರಬೇತಿಗೆ ಸಿಗುವ ಹಾಗೆ ಡೇಟಾಸೆಟ್ ಮಾಡಿ ಹಾಕಿದ್ದರು. ತಾಣ ನಡೆಸುವ ಸಂಸ್ಥೆಯವರು ದೂರು ಕೊಟ್ಟು ತೆಗೆಸಲು ಓಡಾಡಬೇಕಾಯಿತು. ಆ ಗಾಯ ಫ್ಯಾಂಡಮ್‌ನಲ್ಲಿ ಇನ್ನೂ ಹಸಿಯಾಗಿದೆ. ಆದರೂ ಒಬ್ಬರಾದರೂ ನನ್ನನ್ನು ಮೊದಲು ಕೇಳಬಹುದಿತ್ತು ಅಲ್ವಾ?

ಇತ್ತ ಡಿಸ್ಕಾರ್ಡ್‌ನಲ್ಲಿ ಅವಳ ಖಾತೆ ಮಾಯವಾಗಿತ್ತು.

ಆ ರಾತ್ರಿ ನಾನು ಮಾಡಿದ್ದೇ ದೊಡ್ಡ ತಪ್ಪು. ಎರಡು ಗಂಟೆಗೆ, ಅಳುತ್ತಾ, ಕಥೆಯನ್ನು ಡಿಲೀಟ್ ಮಾಡಿಬಿಟ್ಟೆ. ಖಚಿತವೇ ಅಂತ ಕೇಳಿತು. ಹೌದು ಅಂತ ಒತ್ತಿದೆ.

ಅಧ್ಯಾಯಗಳು ನನ್ನ ಲ್ಯಾಪ್‌ಟಾಪ್‌ನಲ್ಲಿದ್ದವು. ಆದರೆ ಕಥೆ ಹೋದರೆ ಅದರ ಕೆಳಗಿನ ಕಾಮೆಂಟುಗಳೂ ಹೋಗುತ್ತವೆ ಅನ್ನುವುದು ಬೆಳಿಗ್ಗೆ ಎದ್ದಮೇಲೆ ತಲೆಗೆ ಹೊಕ್ಕಿತು. ಎರಡು ವರ್ಷದ ಎಲ್ಲ ಕಾಮೆಂಟು. ಸಹಾಯ ವಿಭಾಗಕ್ಕೆ ಬರೆದೆ, ಮರಳಿ ತರಲಾಗುವುದಿಲ್ಲ ಅಂದರು. ಹಳೆಯ ವೆಬ್ ಪುಟಗಳ ಪ್ರತಿ ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿದೆ. ಮೊದಲ ಮೂರು ಅಧ್ಯಾಯದ ಪುಟಗಳು ಉಳಿದಿದ್ದವು, ಅದರಲ್ಲೂ ಕಾಮೆಂಟುಗಳ ಭಾಗ ಇರಲಿಲ್ಲ.

ಹಾಗೆ ಹೋದವುಗಳಲ್ಲಿ ಒಂದು ಕಾಮೆಂಟು 19ನೇ ಅಧ್ಯಾಯಕ್ಕೆ ಬಂದಿತ್ತು. ಆ ಅಧ್ಯಾಯದಲ್ಲಿ ಏನೂ ನಡೆಯುವುದಿಲ್ಲ. ಕಾವಲುಗಾರ ಒಂದಿಡೀ ರಾತ್ರಿ ಬಾಗಿಲ ಬಳಿ ನಿಂತು ಯಾರಿಗೋ ಕಾಯುತ್ತಾನೆ. ತುಂಬಾ ಎಳೆದಿದ್ದೇನೆ ಅಂತ ನನಗೇ ಅಳುಕಿತ್ತು. ಒಬ್ಬ ಓದುಗರು ಬರೆದಿದ್ದರು, ಇದನ್ನು ಅಮ್ಮನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಓದಿದೆ, ಅವನ ಜೊತೆ ನಾನೂ ಬೆಳಗಾಗುವವರೆಗೆ ಕಾದೆ ಅಂತ. ಇನ್ನೂ ನಾಲ್ಕೈದು ಸಾಲು ಇತ್ತು. ನನಗೆ ಈಗ ಅದರ ಸಾರ ನೆನಪಿದೆ, ಮಾತುಗಳು ನೆನಪಿಲ್ಲ. ಅವರ ಬಳಕೆದಾರ ಹೆಸರೂ ಪೂರ್ತಿ ನೆನಪಿಲ್ಲ. ಹಣ ಹೋದದ್ದು ಮರೆತಿದೆ. ಇದು ಮರೆಯುವುದಿಲ್ಲ.

ಹಾಗಾಗಿ ಮೊದಲ ಕೋರಿಕೆ ಇದು: ಏನೇ ಆಗಲಿ, ಸಿಟ್ಟಿನಲ್ಲಿ, ಅವಮಾನದಲ್ಲಿ ಕಥೆ ಡಿಲೀಟ್ ಮಾಡಬೇಡಿ. ನೀವಿರುವ ತಾಣದಲ್ಲಿ ಮರೆಮಾಡುವ ಅಥವಾ ಡ್ರಾಫ್ಟ್‌ಗೆ ಮರಳಿಸುವ ಸೌಲಭ್ಯ ಇದೆಯಾ ಅಂತ ಇವತ್ತೇ ನೋಡಿಟ್ಟುಕೊಳ್ಳಿ. ಆರ್ಕೈವ್ ಆಫ್ ಅವರ್ ಓನ್‌ನಲ್ಲಿ ಕಥೆಯನ್ನು 'ಅನಾಥ' ಮಾಡುವ ದಾರಿ ಇದೆ. ಕಥೆಯಿಂದ ನಿಮ್ಮ ಹೆಸರು ಕಳಚಿಹೋಗುತ್ತದೆ, ಕಥೆಯೂ ಕಾಮೆಂಟುಗಳೂ ಅಲ್ಲೇ ಉಳಿಯುತ್ತವೆ. ಆದರೆ ಒಮ್ಮೆ ಹಾಗೆ ಮಾಡಿದರೆ ಅದು ಮತ್ತೆ ನಿಮ್ಮ ಕೈಗೆ ಬರುವುದಿಲ್ಲ, ಹಾಗಾಗಿ ಅದನ್ನೂ ರಾತ್ರಿ ಎರಡಕ್ಕೆ ಮಾಡಬೇಡಿ. ಸದಸ್ಯರಿಗೆ ಮಾತ್ರ ಕಾಣುವಂತೆ ಕಥೆಗೆ ಬೀಗ ಹಾಕುವ ಆಯ್ಕೆಯೂ ಅಲ್ಲಿದೆ. ನಿಮಗೆ ಬೆಲೆ ಅನಿಸಿದ ಕಾಮೆಂಟುಗಳನ್ನು ಬೇರೆ ಒಂದು ಕಡತದಲ್ಲಿ ಹಾಕಿಡಿ. ನಾವು ಅಧ್ಯಾಯಗಳಿಗೆ ಬ್ಯಾಕಪ್ ಇಡುತ್ತೇವೆ, ಓದುಗರ ಮಾತಿಗೆ ಇಡುವುದಿಲ್ಲ.

ಇನ್ನು ಈ ಮೋಸವನ್ನು ಹಿಡಿಯುವುದು ಹೇಗೆ? ನನ್ನ ಪ್ರಕಾರ ಒಂದೇ ಪ್ರಶ್ನೆ ಸಾಕು. "ಯಾವ ದೃಶ್ಯ ಬರೆಯಬೇಕು ಅಂತಿದ್ದೀರಿ? ಯಾಕೆ?" ಅಂತ ಕೇಳಿ, ಸುಮ್ಮನಿರಿ. ನೀವೇ ದೃಶ್ಯ ವಿವರಿಸಲು ಹೋಗಬೇಡಿ. ನಾನು ಹೇಳಿಕೊಟ್ಟ ಹಾಗೆ ಗೆಳತಿ ಆ ಕಾಮೆಂಟಿಗೆ ಇದನ್ನೇ ಕೇಳಿದಳು. "ಎಲ್ಲ ದೃಶ್ಯಗಳೂ ಇಷ್ಟ, ಡಿಸ್ಕಾರ್ಡ್‌ನಲ್ಲಿ ಹೇಳುತ್ತೇನೆ" ಅಂತ ಉತ್ತರ ಬಂತು. ಅವಳ ಕಥೆಯಲ್ಲಿ ಇರುವುದು ಒಂದೇ ದೃಶ್ಯ. ಎಂಟುನೂರು ಪದದ ಕಥೆ ಅದು.

ನಿಜವಾದ ಕಮಿಷನ್ ಕಲಾವಿದರು ನಿಮ್ಮ ಕಥೆಯ ಕೆಳಗೆ ಬಂದು ಗಿರಾಕಿ ಹುಡುಕುವುದು ಬಹಳ ಕಡಿಮೆ. ಒಳ್ಳೆಯವರ ಹತ್ತಿರ ಸರದಿ ಇರುತ್ತದೆ, ಕಾಯಬೇಕಾಗುತ್ತದೆ. ದರ ಎಷ್ಟು, ಎಷ್ಟು ಸಲ ತಿದ್ದಿಕೊಡುತ್ತಾರೆ, ಏನು ಬರೆಯುವುದಿಲ್ಲ, ಎಲ್ಲ ಮೊದಲೇ ಬರೆದಿಟ್ಟಿರುತ್ತಾರೆ. ನಡುವೆ ಕಚ್ಚಾ ರೇಖಾಚಿತ್ರ ತೋರಿಸಿ ನಿಮ್ಮ ಒಪ್ಪಿಗೆ ಕೇಳುತ್ತಾರೆ. ನೀವೂ ಕೇಳಿ. ಪ್ರೊಕ್ರಿಯೇಟ್‌ನಂಥ ಆ್ಯಪ್ ಚಿತ್ರ ಬರೆಯುವುದನ್ನು ತಾನೇ ವಿಡಿಯೋ ಆಗಿ ದಾಖಲಿಸುತ್ತದೆ, ಅದನ್ನು ತೋರಿಸಲು ನಿಜವಾಗಿ ಬರೆದವರಿಗೆ ಕಷ್ಟವಿಲ್ಲ. ಕಳಿಸಿದ ಮಾದರಿಗಳನ್ನು ಗೂಗಲ್ ಲೆನ್ಸ್‌ನಲ್ಲೋ ಟಿನ್‌ಐನಲ್ಲೋ ಹಾಕಿ, ಮೂಲ ಚಿತ್ರ ಎಲ್ಲಿದೆ ಅಂತ ಹುಡುಕಿ. ಆದರೆ ಅದನ್ನೇ ಪೂರ್ತಿ ನಂಬಬೇಡಿ, ತಿರುಗಿಸಿ ಕತ್ತರಿಸಿದ ಚಿತ್ರ ತಪ್ಪಿಸಿಕೊಳ್ಳಬಹುದು, ಎಐ ಚಿತ್ರಕ್ಕೆ ಮೂಲವೇ ಸಿಗುವುದಿಲ್ಲ.

ಹರಟೆಯ ನಡುವೆ ಯಾವುದೋ ಕ್ಯುಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಅಂದರೆ ಖಂಡಿತ ಮಾಡಬೇಡಿ. ಡಿಸ್ಕಾರ್ಡ್‌ನಲ್ಲಿ ಕೋಡ್ ಸ್ಕ್ಯಾನ್ ಮಾಡಿದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ ನಿಮ್ಮ ಖಾತೆ ತೆರೆದುಕೊಳ್ಳಬಹುದು.

ಇಂಥ ಕಾಮೆಂಟನ್ನು ಸುಮ್ಮನೆ ಅಳಿಸುವ ಬದಲು ಮೊದಲು ಸ್ಕ್ರೀನ್‌ಶಾಟ್ ತೆಗೆದು, ತಾಣದವರಿಗೆ ವರದಿ ಮಾಡಿ, ಆಮೇಲೆ ಅಳಿಸಿ. ಆರ್ಕೈವ್ ಆಫ್ ಅವರ್ ಓನ್ ಲಾಭಕ್ಕಾಗಿ ನಡೆಯುವ ತಾಣವಲ್ಲ, ಅಲ್ಲಿ ವ್ಯಾಪಾರದ ಪ್ರಚಾರಕ್ಕೇ ಅವಕಾಶವಿಲ್ಲ. ಹಾಗಾಗಿ ಅಲ್ಲಿ ಕಮಿಷನ್ ಕೇಳುವ ಕಾಮೆಂಟೇ ನಿಯಮ ಮೀರಿದ್ದು. ಕಾಮೆಂಟುಗಳನ್ನು ನೀವು ಒಪ್ಪಿದ ಮೇಲೆ ಮಾತ್ರ ಕಾಣಿಸುವ ವ್ಯವಸ್ಥೆಯೂ ಇದೆ. ಫ್ಯಾಂಡಮ್‌ನಲ್ಲಿ ಫ್ಯಾನ್ ಆರ್ಟ್ ಬಹುಮಟ್ಟಿಗೆ ಪ್ರೀತಿಯ ಉಡುಗೊರೆಯಾಗಿ ಬರುತ್ತದೆ. ಬರೆದು ಮುಗಿಸಿ, "ನಿಮ್ಮ ಕಥೆ ಓದಿ ಇದನ್ನು ಬರೆದೆ" ಅಂತ ತಂದಿಡುತ್ತಾರೆ. ಅಂಥವರನ್ನು ಈ ಕಳ್ಳರ ಭಯದಲ್ಲಿ ಅನುಮಾನಿಸಬೇಡಿ.

ಕಥೆಯನ್ನು ಎರಡು ತಿಂಗಳ ಹಿಂದೆ ಮತ್ತೆ ಹಾಕಿದ್ದೇನೆ, ಅದೇ ಹೆಸರಿನಲ್ಲಿ. ನಡೆದದ್ದನ್ನೆಲ್ಲ ಮೊದಲ ಪುಟದಲ್ಲೇ ಬರೆದಿದ್ದೇನೆ. ಚಿತ್ರ ಇಲ್ಲ. ಅಮ್ಮನ ವಾರ್ಡಿನ ಹೊರಗೆ ಕೂತು ಓದಿದವರು ನೀವಾಗಿದ್ದು, ಹೇಗೋ ಇದು ನಿಮ್ಮ ಕಣ್ಣಿಗೆ ಬಿದ್ದರೆ, ನಿಮ್ಮ ಮಾತನ್ನು ಕಳೆದದ್ದು ನಾನು, ಕ್ಷಮಿಸಿ. ಅಮ್ಮ ಹೇಗಿದ್ದಾರೆ ಅಂತ ಆಗಲೇ ಕೇಳಬೇಕಿತ್ತು. 19ನೇ ಅಧ್ಯಾಯದ ಒಂದು ಸಾಲನ್ನೂ ಬದಲಿಸಿಲ್ಲ.