ಬೀಗರ ಮುತ್ತಾತನ ಹುಡುಕಾಟ: ಜನಗಣತಿಯೋ, ಚರ್ಚ್ ರಿಜಿಸ್ಟರೋ, ಡಿಎನ್‌ಎಯೋ?

ಮಗನ ಮನೆಯಲ್ಲಿ ಆರು ತಿಂಗಳು ಇರಲು ಬಾಸ್ಟನ್‌ಗೆ ಹೋಗಿದ್ದೆ. ಸೊಸೆಯದು ಐರಿಶ್ ಮೂಲ. ಅವಳ ಅಪ್ಪ, ಅಂದರೆ ನಮ್ಮ ಬೀಗರು, ತಮ್ಮ ಮುತ್ತಾತ ಜೇಮ್ಸ್ ಯಾರ ಮಗ, ಯಾವ ಮನೆಯವರು ಅಂತ ವರ್ಷಗಟ್ಟಲೆ ಹುಡುಕಿ ಕೈಬಿಟ್ಟಿದ್ದರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಕೂತವಳು ನಾನು. ಕೈ ಸುಮ್ನಿರಬೇಕಲ್ಲ!

ಮೊದಲು ಜನಗಣತಿ. 1901 ಮತ್ತು 1911ರದ್ದು ಐರ್ಲೆಂಡಿನ ರಾಷ್ಟ್ರೀಯ ದಾಖಲೆಗಳ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಹೆಸರು ಹೊಡೆದರೆ ಇಡೀ ಮನೆಯೇ ಬರುತ್ತದೆ, ಓದಲೂ ಸುಲಭ. ಆದರೆ ಜೇಮ್ಸ್ 1880ರ ದಶಕದಲ್ಲೇ ಹಡಗು ಹತ್ತಿದ್ದರು. 1901ಕ್ಕೆ ಹಿಂದಿನ ಗಣತಿಗಳು ಉಳಿದೇ ಇಲ್ಲ ಅನ್ನಬಹುದು. 1861, 1871ರದ್ದನ್ನು ಸರ್ಕಾರವೇ ನಾಶ ಮಾಡಿಸಿತು. 1881, 1891ರದ್ದು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಗೆ ಹೋಯಿತು. 1821ರಿಂದ 1851ರವರೆಗಿನವು ಬಹುಪಾಲು 1922ರಲ್ಲಿ ಡಬ್ಲಿನ್‌ನಲ್ಲಿ ದಾಖಲೆ ಕಚೇರಿ ಇದ್ದ ಫೋರ್ ಕೋರ್ಟ್ಸ್‌ನಲ್ಲಿ ಸುಟ್ಟುಹೋದವು. ನಮ್ಮಲ್ಲಿ ಒಂದು ಫೈಲ್ ಕಾಣೆಯಾದರೂ ಮೆಮೊ ಬರುತ್ತಿತ್ತಪ್ಪ.

ಚರ್ಚ್ ರಿಜಿಸ್ಟರ್ ಇದಕ್ಕೆ ತದ್ವಿರುದ್ಧ. ಕಷ್ಟ ಜಾಸ್ತಿ, ಫಲವೂ ಜಾಸ್ತಿ. ಐರ್ಲೆಂಡಿನಲ್ಲಿ ಕ್ಯಾಥೊಲಿಕರ ಜನನವನ್ನು ಸರ್ಕಾರ ದಾಖಲಿಸಲು ಶುರು ಮಾಡಿದ್ದು 1864ರಲ್ಲಿ. ಜೇಮ್ಸ್ ಅದಕ್ಕೂ ಮೊದಲು ಹುಟ್ಟಿದವರು, ಹಾಗಾಗಿ ಪಾದ್ರಿ ಬರೆದಿಟ್ಟದ್ದೇ ಗತಿ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಕ್ಯಾಥೊಲಿಕ್ ರಿಜಿಸ್ಟರುಗಳ ಚಿತ್ರಗಳನ್ನು ಉಚಿತವಾಗಿ ಹಾಕಿದೆ. ಆದರೆ ಅಲ್ಲಿ ಹೆಸರು ಹೊಡೆದು ಹುಡುಕಲು ಆಗುವುದಿಲ್ಲ, ಪುಟ ತಿರುಗಿಸುತ್ತಲೇ ಹೋಗಬೇಕು. ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ, ಗೊತ್ತಿಲ್ಲದಿದ್ದರೆ ಕೈಹಾಕಲೇಬೇಡಿ. ನಮ್ಮ ಪುಣ್ಯ, ಬಾಸ್ಟನ್‌ನ ಸಮಾಧಿ ಕಲ್ಲಿನ ಮೇಲೆ ಕೌಂಟಿ ಕ್ಲೇರ್ (ಐರ್ಲೆಂಡಿನ ಒಂದು ಜಿಲ್ಲೆ ಅನ್ನಿ) ಜೊತೆಗೆ ಪ್ಯಾರಿಷ್ ಹೆಸರೂ ಕೆತ್ತಿತ್ತು.

ಎರಡು ದಿನ ಜೇಮ್ಸ್, ಜೇಮ್ಸ್ ಅಂತ ಹುಡುಕಿದೆ. ಒಬ್ಬನೂ ಇಲ್ಲ. ಆಮೇಲೆ ಹೊಳೆಯಿತು, ಬರೆದಿರುವುದು ಲ್ಯಾಟಿನ್‌ನಲ್ಲಿ! ಜೇಮ್ಸ್ ಅಲ್ಲಿ ಜಾಕೋಬಸ್. ವಿಲಿಯಂ ಗುಲಿಯೆಲ್ಮಸ್. ಶಾಯಿ ಮಾಸಿದೆ, ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೂ ತಾಯಿಯ ತವರಿನ ಅಡ್ಡಹೆಸರು, ಜ್ಞಾನಪಿತ, ಜ್ಞಾನಮಾತೆ (ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನದಲ್ಲಿ ಅದರ ಹೊಣೆ ಹೊರುವವರು) ಎಲ್ಲ ಒಂದೇ ಸಾಲಿನಲ್ಲಿ. ಜ್ಞಾನಮಾತೆ ಸಾಮಾನ್ಯವಾಗಿ ಅತ್ತೆಯೋ ಚಿಕ್ಕಮ್ಮನೋ ಆಗಿರುತ್ತಾರೆ, ಆ ಹೆಸರನ್ನು ಬಿಡಬೇಡಿ.

ಸಿಕ್ಕಿದ್ದು ಒಬ್ಬನಲ್ಲ, ಇಬ್ಬರು. 1858ರಲ್ಲೇ, ಅದೇ ಅಡ್ಡಹೆಸರಿನ ಎರಡು ಜಾಕೋಬಸ್. ಒಬ್ಬನ ತಾಯಿ ಹೊನೊರಾ, ಇನ್ನೊಬ್ಬನ ತಾಯಿ ಬ್ರಿಜಿಡಾ. ಆ ಅಡ್ಡಹೆಸರು ಅಲ್ಲಿ ನಮ್ಮ ಕಡೆ ಗೌಡ ಇದ್ದ ಹಾಗೆ.

ಡಿಎನ್‌ಎ ಕೆಲಸಕ್ಕೆ ಬಂದದ್ದು ಇಲ್ಲಿ. ಸೊಸೆಯ ಬದಲು ಬೀಗರ ಎಂಜಲನ್ನೇ ಕಳಿಸಿದೆವು. ಒಂದು ತಲೆ ಹಿಂದಿನವರಾದರೆ ಹಳಬರ ಅಂಶ ಜಾಸ್ತಿ ಉಳಿದಿರುತ್ತದೆ. ಇಷ್ಟು ಶೇಕಡಾ ಐರಿಶ್ ಎಂದು ತೋರಿಸುವ ನಕ್ಷೆ ಬರೀ ಮೋಜು, ಅದು ಬೀಗರಿಗೆ ಮೊದಲೇ ಗೊತ್ತಿತ್ತಲ್ವಾ? ಬೇಕಾದದ್ದು ಅವರ ಡಿಎನ್‌ಎ ಜೊತೆ ಹೊಂದಿಕೆಯಾದವರ ಪಟ್ಟಿ. ಮುತ್ತಾತನ ಅಣ್ಣತಮ್ಮಂದಿರ ಮರಿಮಕ್ಕಳ ಜೊತೆ ಸರಾಸರಿ ಶೇಕಡಾ 1ಕ್ಕೂ ಕಮ್ಮಿ ಹೊಂದುತ್ತದೆ. ಅಂಥ ಹತ್ತು ಜನರಲ್ಲಿ ಸುಮಾರು ಒಬ್ಬರ ಜೊತೆ ಏನೂ ಹೊಂದದೆಯೂ ಇರಬಹುದು. ನಮಗೆ ಕ್ಲೇರ್‌ನವರೇ ಒಬ್ಬರು ಸಿಕ್ಕರು. ಅವರು ಹೊನೊರಾಳ ಹಿರಿಮಗನ ಮನೆತನದವರು. ಅಂದರೆ ನಮ್ಮ ಜೇಮ್ಸ್ ಹೊನೊರಾಳ ಮಗನೇ.

ಆ ಹಿರಿಮಗ ಊರಲ್ಲೇ ಉಳಿದಿದ್ದ, ಹಾಗಾಗಿ ಮತ್ತೆ ಜನಗಣತಿ ತೆಗೆದೆ. 1901ರಲ್ಲಿ ವಯಸ್ಸು 56. 1911ರಲ್ಲಿ 71! ನಗು ಬಂತು. 1909ರಿಂದ 70 ದಾಟಿದವರಿಗೆ ಪಿಂಚಣಿ ಕೊಡುತ್ತಿದ್ದರು. ಇಂಥ ಲೆಕ್ಕ ನಮ್ಮ ಕೌಂಟರಿನಲ್ಲಿ ನಾನು ನೋಡದ್ದೇನಲ್ಲ. ರಿಜಿಸ್ಟರ್ ಪ್ರಕಾರ ಅವನ ಜ್ಞಾನಸ್ನಾನ 1845ರಲ್ಲಿ.

ನನ್ನ ಮಟ್ಟಿಗೆ ಚರ್ಚ್ ರಿಜಿಸ್ಟರೇ ಮೇಲು. ಈಗ ಬೀಗಿತ್ತಿಯೂ ಶುರು ಮಾಡಿದ್ದಾರೆ. ಅವರ ಕಡೆಯವರು ಕ್ಯಾಥೊಲಿಕರಲ್ಲ, ಚರ್ಚ್ ಆಫ್ ಐರ್ಲೆಂಡ್ ಎಂಬ ಪ್ರಾಟೆಸ್ಟೆಂಟ್ ಪಂಗಡಕ್ಕೆ ಸೇರಿದವರು. ಆ ಚರ್ಚಿನ ರಿಜಿಸ್ಟರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ 1922ರ ಅದೇ ಬೆಂಕಿಗೆ ಹೋಗಿವೆ. ಅವರಿಗೆ ಮೊದಲು ಡಿಎನ್‌ಎ ಕಿಟ್ಟನ್ನೇ ತರಿಸಿದ್ದೇವೆ.