ಪೈಥಾನ್ 3: ಡಬ್ಬಿ, ಕಡ್ಡಿ ಮತ್ತು ಸೂಪರ್

ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ನಾನು ಬರೆದ ಬಿಲ್ಲಿನ ಪ್ರೋಗ್ರಾಂ ಪೈಥಾನ್ ಭಾಷೆಯ ಹಳೇ ಆವೃತ್ತಿ 2ರಲ್ಲೇ ಇತ್ತು. 2020ರಲ್ಲೇ ಅದರ ಬೆಂಬಲ ನಿಂತಿದೆ ಅಲ್ವಾ, ಈ ಸುಗ್ಗಿ ಮುಗಿದ ಮೇಲೆ 3ಕ್ಕೆ ಬದಲಿಸಿದೆ.

ಅದರಲ್ಲಿ ಮೆಣಸಿನಕಾಯಿ ಅನ್ನೋದು ತಾಯಿ ಕ್ಲಾಸ್ (ಕ್ಲಾಸ್ ಅಂದರೆ ಒಂದು ಬಗೆಯ ವಸ್ತುವಿನ ಅಚ್ಚು). ಡಬ್ಬಿ, ಕಡ್ಡಿ ಎಂಬ ಮೆಣಸಿನಕಾಯಿ ತಳಿಗಳು ಅದರ ಮಕ್ಕಳು. ಪೈಥಾನ್ 2ರಲ್ಲಿ ತಾಯಿ ಕ್ಲಾಸಿನ ಪಕ್ಕ ಕಂಸದಲ್ಲಿ 'ಆಬ್ಜೆಕ್ಟ್' ಅಂತ ಬರೆಯದಿದ್ದರೆ ಸೂಪರ್, ಅಂದರೆ ಮಗುವಿನ ಕ್ಲಾಸಿನಿಂದ ತಾಯಿಯ ಕೋಡ್ ಕರೆಯುವ ಸೌಲಭ್ಯ, ನಡೆಯುತ್ತಿರಲಿಲ್ಲ. ಈಗ ಅದು ಬೇಡ. ಸೂಪರ್‌ಗೆ ಕ್ಲಾಸಿನ ಹೆಸರು, ಸೆಲ್ಫ್ (ಆ ವಸ್ತುವೇ) ಕೊಡುವುದೂ ಬೇಡ, ಖಾಲಿ ಕಂಸ ಸಾಕು. ಹಿಂದೆ ಡಬ್ಬಿಯ ಕೋಡ್ ನಕಲು ಮಾಡಿ ಕಡ್ಡಿ ಬರೆದಾಗ, ಸೂಪರ್ ಒಳಗಿನ ಹೆಸರು ಬದಲಿಸಲು ಮರೆತು ರಾತ್ರಿಯಿಡೀ ಒದ್ದಾಡಿದ್ದೆ. ಆ ಕಾಟ ತಪ್ಪಿತು, ಅದೇ ನನಗೆ ಜಾಸ್ತಿ ಖುಷಿ.

ಒಂದೇ ಬೇಸರ. ಮೆಟಾಕ್ಲಾಸನ್ನು (ಕ್ಲಾಸನ್ನೇ ತಯಾರಿಸುವ ಕ್ಲಾಸ್) ಈಗ ಕ್ಲಾಸಿನ ಮೊದಲ ಸಾಲಿನಲ್ಲೇ ಕೊಡಬೇಕು. ಹಳೇ ರೀತಿ ಒಳಗೆ ಬರೆದರೆ ಎರರ್ ಬರುವುದಿಲ್ಲ, ಪೈಥಾನ್ 3 ಅದನ್ನು ಸುಮ್ನೆ ಕಡೆಗಣಿಸುತ್ತದೆ. ಹುಡುಕಿ ತಿದ್ದಿಕೊಳ್ಳಿ.